ಒಂದೇ ಒಲೆ, ಎರಡು ಬಾಯಿ: ಹಲ್ಲಿಲ್ಲದ ಅತ್ತೆಗೂ ಹಾಸ್ಟೆಲಿನ ಮಗನಿಗೂ ಒಪ್ಪುವ ರಾತ್ರಿಯೂಟ ಯಾವುದು?

ಮಾಳಮಡ್ಡಿ ಸೊಸೆ (ಧಾರವಾಡ)
ಸೋಮವಾರ, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಮೂರು ದಿನಗಳಿಂದ ಧಾರವಾಡದಲ್ಲಿ ಜಿಟಿಜಿಟಿ ಮಳೆ ಬಿಟ್ಟಿಲ್ಲ. ಹಗ್ಗದ ಮೇಲಿನ ಬಟ್ಟೆ ಒಣಗುತ್ತಿಲ್ಲ, ಮನೆಯವರ ಮುಖವೂ ಅರಳುತ್ತಿಲ್ಲ.

ನನ್ನ ತೊಂದರೆ ಇದು. ಅತ್ತೆಯವರಿಗೆ ಉಳಿದಿದ್ದ ನಾಲ್ಕು ಹಲ್ಲುಗಳನ್ನೂ ಹೋದ ತಿಂಗಳು ತೆಗೆಸಿದ್ದೇವೆ. ಹೊಸ ಹಲ್ಲಿನ ಸೆಟ್ ಬರಲು ಇನ್ನೂ ಕಾಯಬೇಕು. 74 ವರ್ಷ ಜೋಳದ ರೊಟ್ಟಿ ಉಂಡ ಬಾಯಿ ಈಗ ಅದೇ ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ನುಂಗಬೇಕಾಗಿದೆ. ಅವರು ಬಾಯಿಬಿಟ್ಟು ಏನೂ ಹೇಳುವುದಿಲ್ಲ. ಎರಡು ತುತ್ತಾದ ಮೇಲೆ ತಟ್ಟೆಯನ್ನು ನಾಲ್ಕು ಬೆರಳಿನಷ್ಟು ಮುಂದಕ್ಕೆ ಸರಿಸುತ್ತಾರೆ, ಅಷ್ಟೇ. ಆ ನಾಲ್ಕು ಬೆರಳು ನನಗೆ ರಾತ್ರಿಯೆಲ್ಲ ನಿದ್ದೆಗೆಡಿಸುತ್ತದೆ.

ಮಗ ಬೆಂಗಳೂರಿನ ಹಾಸ್ಟೆಲಿನಿಂದ ರಜೆಗೆ ಬಂದಿದ್ದಾನೆ. ಅವನಿಗೆ ಪಾಸ್ತಾ ಬೇಕು, ಸೂಪ್ ಬೇಕು, ಆಲೂಗಡ್ಡೆ ಯಾವ ರೂಪದಲ್ಲಿದ್ದರೂ ಬೇಕು. ಅನ್ನ ಸಾರು ಎಂದರೆ ಮುಖ ತಿರುವುತ್ತಾನೆ. ನಾನು ಹುಬ್ಬಳ್ಳಿಯ ಕಚೇರಿಯಿಂದ ಚಿಗರಿ ಬಸ್ ಹಿಡಿದು ಮನೆ ಸೇರುವಾಗ ಏಳು ದಾಟಿರುತ್ತದೆ. ಎಂಟೂವರೆಗೆ ಅತ್ತೆಯವರ ಊಟ. ಇಬ್ಬರಿಗೆ ಎರಡು ಅಡುಗೆ ಮಾಡುವ ತ್ರಾಣ ನನಗಿಲ್ಲ. ಒಂದೇ ಪಾತ್ರೆಯಲ್ಲಿ ಆಗುವಂಥದ್ದು, ಮೆತ್ತಗಿರುವಂಥದ್ದು, ಇಲ್ಲಿ ಸೂಪರ್ ಮಾರ್ಕೆಟ್ ಎಂದು ಕರೆಯುವ ಸಂತೆಯಲ್ಲಿ ಸಿಗುವ ಸಾಮಾನಿನಿಂದಲೇ ಆಗುವಂಥದ್ದು ಏನಾದರೂ ಇದ್ದರೆ ಹೇಳಿ. ಅತ್ತೆಯವರಿಗೆ ರಕ್ತದೊತ್ತಡ ಇರುವುದರಿಂದ ಉಪ್ಪು ಕಡಿಮೆ ಇರಲಿ.

ಬಾಡಿಗೆ ಕೋಣೆ (ವಿದ್ಯಾನಗರ, ಹುಬ್ಬಳ್ಳಿ)
ಸೋಮವಾರ, ರಾತ್ರಿ 10:05

ಅಕ್ಕನವರೇ, ನನ್ನ ಬಳಿ ಇರುವುದು ಒಂದು ಇಂಡಕ್ಷನ್ ಒಲೆ, ಒಂದು ಕುಕ್ಕರ್. ಸೂಪ್ ಪುಡಿಯ ಪೊಟ್ಟಣವನ್ನು ನೀರಿಗೆ ಹಾಕಿ, ಅದರಲ್ಲೇ ಪಾಸ್ತಾ ಸುರಿದು, ಎರಡು ಸೀಟಿ ಹೊಡೆಸುತ್ತೇನೆ. ಹತ್ತು ನಿಮಿಷದ ಕೆಲಸ. ಹಲ್ಲೇ ಬೇಡ, ಹಾಗೇ ಜಾರುತ್ತದೆ.

ಹಡಗಿನ ಬಾಣಸಿಗ (ಕೇಶ್ವಾಪುರ, ಹುಬ್ಬಳ್ಳಿ)
ಸೋಮವಾರ, ರಾತ್ರಿ 10:30

ತಮ್ಮಾ, ಅದು ಪಾಸ್ತಾ ಅಲ್ಲ, ಗೋಡೆಗೆ ಪೋಸ್ಟರ್ ಅಂಟಿಸುವ ಗೋಂದು. ಅಲ್ಲದೆ ಆ ಪೊಟ್ಟಣಗಳಲ್ಲಿ ಉಪ್ಪೇ ಉಪ್ಪು. ಒತ್ತಡ ಇರುವ ಹಿರಿಯರಿಗೆ ಅದನ್ನು ಕೊಡಬೇಡಿ.

ಅಕ್ಕನವರೇ, ನಾನು ಹನ್ನೊಂದು ವರ್ಷ ಸರಕು ಹಡಗುಗಳಲ್ಲಿ ಅಡುಗೆ ಮಾಡಿದವನು. ನಾವಿಕರಲ್ಲಿ ಹಲ್ಲುನೋವಿನವರೂ ಇರುತ್ತಿದ್ದರು, ಇಪ್ಪತ್ತರ ಹುಡುಗರೂ ಇರುತ್ತಿದ್ದರು, ಅಡುಗೆ ಒಂದೇ. ನೇಪಲ್ಸ್ ಊರಿನವನೊಬ್ಬ ನನಗೆ ಕಲಿಸಿದ್ದು ‘ಪಾಸ್ತಾ ಎ ಪತಾತೆ’. ಎಂದರೆ ಪಾಸ್ತಾ ಮತ್ತು ಆಲೂಗಡ್ಡೆ. ಎರಡೂ ಪಿಷ್ಟವೇ ಅಲ್ಲವೇ ಎಂದು ಮೂಗು ಮುರಿಯಬೇಡಿ. ನಾವು ಅವಲಕ್ಕಿಗೆ ಆಲೂಗಡ್ಡೆ ಹಾಕುವುದಿಲ್ಲವೇ? ಬಡವರ ಮನೆಯ ಅಡುಗೆ ಅದು. ಡಬ್ಬಿಗಳ ತಳದಲ್ಲಿ ಉಳಿದ ನಾಲ್ಕಾರು ಬಗೆಯ ಪಾಸ್ತಾ ಚೂರುಗಳನ್ನೆಲ್ಲ ಕೂಡಿಸಿ ಮಾಡುತ್ತಾರೆ.

ಮೂವರಿಗೆ ಲೆಕ್ಕ: ಆಲೂಗಡ್ಡೆ 400 ಗ್ರಾಂ, ಬೆರಳ ತುದಿಯಷ್ಟು ಹೋಳು. ಈರುಳ್ಳಿ ಒಂದು, ಗಜ್ಜರಿ ಒಂದು, ಬೆಳ್ಳುಳ್ಳಿ ನಾಲ್ಕು ಎಸಳು, ಎಲ್ಲ ಸಣ್ಣಗೆ. ದಪ್ಪ ತಳದ ಪಾತ್ರೆಯಲ್ಲಿ ಎರಡು ಚಮಚ ಎಣ್ಣೆ ಬಿಸಿ ಮಾಡಿ, ಈರುಳ್ಳಿ ಮೆತ್ತಗಾಗುವವರೆಗೆ ಸಣ್ಣ ಉರಿಯಲ್ಲಿ ಬಾಡಿಸಿ. ಕೆಂಪಗಾಗುವುದು ಬೇಡ. ಆಲೂಗಡ್ಡೆ ಹಾಕಿ, ಒಂದು ಲೀಟರ್ ನೀರು ಸುರಿದು, ಮುಚ್ಚಿ. ಹದಿನೈದು ನಿಮಿಷಕ್ಕೆ ಹೋಳುಗಳ ಅಂಚು ಕರಗತೊಡಗುತ್ತದೆ. ಆಗ ಸೌಟಿನ ಬೆನ್ನಿನಿಂದ ಅರ್ಧದಷ್ಟನ್ನು ಪಾತ್ರೆಯ ಗೋಡೆಗೆ ಒತ್ತಿ ಅರೆಯಿರಿ. ಈಗ 200 ಗ್ರಾಂ ಸಣ್ಣ ಪಾಸ್ತಾ ಹಾಕಿ, ಎರಡು ನಿಮಿಷಕ್ಕೊಮ್ಮೆ ತಳ ಕೆದಕಿ. ಆಲೂಗಡ್ಡೆ ತಳ ಹಿಡಿಯುವುದರಲ್ಲಿ ಬಲು ಚುರುಕು. ಒಲೆ ಆರಿಸಿದ ಮೇಲೆ ಚೀಸ್ ತುರಿದು ಹಾಕಿ, ಐದು ನಿಮಿಷ ಮುಚ್ಚಿಡಿ. ಚಮಚ ನೆಟ್ಟರೆ ಮೆಲ್ಲಗೆ ವಾಲಬೇಕು, ಅದೇ ಹದ. ಚೀಸಿನಲ್ಲೇ ಉಪ್ಪಿರುತ್ತದೆ, ಬೇರೆ ಉಪ್ಪನ್ನು ಮಗನ ತಟ್ಟೆಗಷ್ಟೇ ಹಾಕಿ.

ನಮ್ಮ ಊರಿಗೆ ಸಂಬಂಧಿಸಿದ ಇನ್ನೊಂದು ಮಾತು. ಪುಸ್ತಕಗಳಲ್ಲಿ 100 ಗ್ರಾಂ ಪಾಸ್ತಾಗೆ ಒಂದು ಲೀಟರ್ ನೀರು, 10 ಗ್ರಾಂ ಉಪ್ಪು ಎಂದು ಬರೆದಿರುತ್ತದೆ. ನಲ್ಲಿಯಲ್ಲಿ ನೀರು ಬರುವ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳುವ ಹುಬ್ಬಳ್ಳಿಯವರು ಎರಡು ಲೀಟರ್ ಕುದಿಸಿ ಬಚ್ಚಲಿಗೆ ಚೆಲ್ಲುವುದು ಆಗದ ಮಾತು. ಅಗಲವಾದ ಬಾಣಲೆಯಲ್ಲಿ 100 ಗ್ರಾಮಿಗೆ ಅರ್ಧ ಲೀಟರ್ ಸಾಕು. ಮೊದಲ ಎರಡು ನಿಮಿಷ ಕೈಬಿಡದೆ ಆಡಿಸಿದರೆ ಅಂಟುವುದಿಲ್ಲ. ಉಳಿಯುವ ನೀರು ಗಂಜಿಯಂತೆ ಮಂದವಾಗಿರುತ್ತದೆ, ಅದನ್ನೇ ಸೂಪಿಗೆ ಹಾಕಿ.

ಬೆಟಗೇರಿ ಅಜ್ಜಿ (ಗದಗ)
ಮಂಗಳವಾರ, ಬೆಳಿಗ್ಗೆ 6:15

ನಾನು ಹೇಳುತ್ತೇನೆ, ಮೊಮ್ಮಗಳು ಬರೆಯುತ್ತಾಳೆ.

ತಂಗಿ, ಆ ಗಂಜಿನೀರನ್ನು ಸೂಪಿಗೆ ಹಾಕುವ ಮೊದಲು ನನ್ನ ಮಾತು ಕೇಳು. ರೊಟ್ಟಿಯ ಹಿಟ್ಟಿಗೆ ಎಸರು ಇಡುತ್ತೀಯಲ್ಲ, ಅದಕ್ಕೆ ಈ ನೀರು ಕಾಯಿಸಿ ಹಾಕು. ಜೋಳದ ಹಿಟ್ಟಿಗೆ ಗೋಧಿಯ ಹಾಗೆ ಜಿಗಿ ಇಲ್ಲ, ಬಿಸಿನೀರು ಬಿದ್ದರೇ ಅದು ಕೂಡಿಕೊಳ್ಳುವುದು. ಗಂಜಿನೀರಿನಲ್ಲಿ ನಾದಿದರೆ ಬಡಿಯುವಾಗ ಅಂಚು ಸೀಳುವುದಿಲ್ಲ.

ಇನ್ನು ನಿನ್ನ ಅತ್ತೆಯ ಮಾತು. ನನಗೂ ಹಲ್ಲಿಲ್ಲ. ಎಂಟು ವರ್ಷವಾಯಿತು. ಹಲ್ಲು ಹೋದವರಿಗೆ ಎಲ್ಲರೂ ಬೆಳ್ಳಗಿನ ಸಪ್ಪೆ ಗಂಜಿ ಕೊಡುತ್ತಾರೆ. ಹೋದದ್ದು ಹಲ್ಲು, ನಾಲಿಗೆಯಲ್ಲ. ಕಟ್ಟಿನ ಸಾರು ಮಾಡಿ ಕೊಡು. ಹೋಳಿಗೆ ಮಾಡಿದ ದಿನವೇ ಮಾಡಬೇಕೆಂಬ ನೇಮವೇನಿಲ್ಲ. ಒಂದು ಬಟ್ಟಲು ಕಡಲೆಬೇಳೆಯನ್ನು ಆರು ಬಟ್ಟಲು ನೀರಿನಲ್ಲಿ ಬೇಯಿಸಿ ಕಟ್ಟು ಬಸಿ. ಒಣಕೊಬ್ಬರಿ, ಜೀರಿಗೆ, ಕೊತ್ತಂಬರಿ ಬೀಜ, ಒಂದು ಚೂರು ದಾಲ್ಚಿನ್ನಿ, ಎರಡು ಲವಂಗ ಹುರಿದು ಅರೆ. ಹುಣಸೆಹುಳಿ, ಅಡಿಕೆಯಷ್ಟು ಬೆಲ್ಲ. ಕರಿಬೇವು ಸಾಸಿವೆಯ ಒಗ್ಗರಣೆ. ಬೆಂದ ಬೇಳೆಯಲ್ಲಿ ಒಂದು ಮುಷ್ಟಿ ಅರೆದು ಕದಡಿದರೆ ಮಂದವಾಗುತ್ತದೆ. ಇದಕ್ಕಿಂತ ದೊಡ್ಡ ಸೂಪನ್ನು ಯಾವ ಹಡಗಿನಲ್ಲಿ ಮಾಡಿದ್ದಾರೆ, ಹೇಳಲಿ.

ನಿನ್ನ ಮನೆಯ ಅಟ್ಟದಲ್ಲಿ ಗೌಲಿ, ಅದೇ ಪಾಯಸಕ್ಕೆ ಹಾಕುವ ಕೈಯಲ್ಲಿ ಹೊಸೆದ ಶ್ಯಾವಿಗೆಕಾಳು, ಇರಬೇಕಲ್ಲ? ತವರಿನವರು ಬೇಸಿಗೆಯಲ್ಲಿ ಕಳಿಸಿರುತ್ತಾರೆ. ಅದೂ ಗೋಧಿಯದೇ. ಅಂಗಡಿಯ ಪಾಸ್ತಾಗೆ ಏಕೆ ದುಡ್ಡು ಸುರಿಯುತ್ತೀ?

ಬೀಜದ ಚೀಲ (ನಿವೃತ್ತ, ಧಾರವಾಡ)
ಮಂಗಳವಾರ, ಬೆಳಿಗ್ಗೆ 8:20

ಅಜ್ಜಿಯವರ ಕೊನೆಯ ಮಾತಿಗೆ ಒಂದು ವಿವರಣೆ ಸೇರಿಸುತ್ತೇನೆ. ನಾನು ಮೂವತ್ತು ವರ್ಷ ಬೀಜದ ವ್ಯವಹಾರದಲ್ಲಿದ್ದವನು, ಮಾತು ಉದ್ದವಾದರೆ ಕ್ಷಮಿಸಿ.

ಪಾಸ್ತಾದ ಗೋಧಿಯೂ ನಮ್ಮ ಶ್ಯಾವಿಗೆಯ ಗೋಧಿಯೂ ಹತ್ತಿರದ ನೆಂಟರು. ಚಪಾತಿ, ಬ್ರೆಡ್ಡಿನ ಗೋಧಿಗೆ 42 ವರ್ಣತಂತುಗಳು. ಪಾಸ್ತಾದ ಡ್ಯುರಮ್ ಗೋಧಿಗೂ ನಮ್ಮ ಜವೆಗೋಧಿಗೂ 28. ಜವೆಗೋಧಿಯನ್ನು ಗಡಿಭಾಗದಲ್ಲಿ ಖಪಲಿ ಎನ್ನುತ್ತಾರೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಸ್ಥಾಪನೆಯಾದದ್ದು 1986ರಲ್ಲಿ. ಅಲ್ಲಿಂದ ಬಂದ ಡಿಡಿಕೆ 1025, ಡಿಡಿಕೆ 1029 ಎಂಬ ತಳಿಗಳು ಜವೆಗೋಧಿಯವು. ಈ ಭಾಗದ ರೈತರು ಬಿಜಗಾ ಎನ್ನುತ್ತಿದ್ದ ಹಳದಿ ಗೋಧಿ ಡ್ಯುರಮ್ ಜಾತಿಯದು. ಡ್ಯುರಮ್ ಎಂದರೆ ಲ್ಯಾಟಿನ್‌ನಲ್ಲಿ ಗಟ್ಟಿ. ಬೀಸಿದರೆ ಹಿಟ್ಟಾಗುವ ಮೊದಲು ರವೆಯಾಗಿ ಒಡೆಯುತ್ತದೆ. ಆ ರವೆಯಿಂದ ಮಾಡಿದ ಎಳೆ ಕುದಿಯುವ ನೀರಿನಲ್ಲೂ ಮೈ ಬಿಡುವುದಿಲ್ಲ. ಇಟಲಿಯಲ್ಲಿ 1967ರಿಂದಲೂ ಕಾನೂನಿನ ಪ್ರಕಾರ ಒಣ ಪಾಸ್ತಾವನ್ನು ಡ್ಯುರಮ್ ರವೆಯಿಂದಲೇ ಮಾಡಬೇಕು.

ಅಂಗಡಿಯಲ್ಲಿ ಪೊಟ್ಟಣದ ಹಿಂದೆ ತಿರುಗಿಸಿ ನೋಡಿ. ‘ಡ್ಯುರಮ್ ವೀಟ್ ಸೆಮೊಲಿನಾ’ ಎಂದಿದ್ದರೆ ಜೇನಿನಂಥ ಹಳದಿ ಬಣ್ಣವಿರುತ್ತದೆ, ಬೆಂದರೂ ಆಕಾರ ಉಳಿಯುತ್ತದೆ. ಮೈದಾದ್ದಾದರೆ ಬಿಳುಪು, ಎರಡು ನಿಮಿಷ ಹೆಚ್ಚಾದರೆ ಬಾಡಿಗೆ ಕೋಣೆಯ ತಮ್ಮ ಹೇಳಿದ ಹಾಗೆ ಜಾರುತ್ತದೆ.

ಬಾಡಿಗೆ ಕೋಣೆ (ವಿದ್ಯಾನಗರ, ಹುಬ್ಬಳ್ಳಿ)
ಮಂಗಳವಾರ, ಬೆಳಿಗ್ಗೆ 8:31

ಎಲ್ಲರೂ ನನ್ನ ಕುಕ್ಕರಿನ ಮೇಲೇ ಬಿದ್ದಿದ್ದೀರಿ.

ಮಾಳಮಡ್ಡಿ ಸೊಸೆ (ಧಾರವಾಡ)
ಮಂಗಳವಾರ, ರಾತ್ರಿ 10:10

ಎಲ್ಲರಿಗೂ ಧನ್ಯವಾದಗಳು, ಆದರೆ ಇವತ್ತು ಮಾನ ಹೋಯಿತು.

ಹಡಗಿನ ಅಣ್ಣನವರು ಹೇಳಿದ ಹಾಗೇ ಹೊರಟೆ. ಮಗ ನಡುವೆ ಬಂದು, ಟೊಮೆಟೊ ಇಲ್ಲದ ಪಾಸ್ತಾ ಪಾಸ್ತಾವೇ ಅಲ್ಲ ಎಂದ. ಸರಿ ಎಂದು ಈರುಳ್ಳಿಯ ಜೊತೆಗೇ ಮೂರು ಹುಳಿ ಟೊಮೆಟೊ ಹೆಚ್ಚಿ ಹಾಕಿ ಬಾಡಿಸಿ, ಆಮೇಲೆ ಆಲೂಗಡ್ಡೆ ಹಾಕಿದೆ. ಇಪ್ಪತ್ತು ನಿಮಿಷವಾಯಿತು, ಮೂವತ್ತಾಯಿತು, ನಲವತ್ತಾಯಿತು. ಹೋಳುಗಳು ಕಲ್ಲುಸಕ್ಕರೆಯ ಹಾಗೆ ಮೂಲೆ ಮೂಲೆಯಾಗಿ ನಿಂತಿದ್ದವು. ಸೌಟಿನಿಂದ ಒತ್ತಿದರೆ ಟಪ್ ಎಂದು ಹಾರಿ ಕಟ್ಟೆಗೆ ಬಿದ್ದವು. ಅಷ್ಟರಲ್ಲಿ ಎಂಟೂವರೆ. ಪಾಸ್ತಾ ಹಾಕಿಬಿಟ್ಟೆ. ಪಾಸ್ತಾ ಬೆಂದಿತು, ಆಲೂಗಡ್ಡೆ ಬೇಯಲಿಲ್ಲ. ಅತ್ತೆಯವರು ಒಂದು ಹೋಳನ್ನು ಬಾಯಲ್ಲಿ ಈ ಕಡೆಯಿಂದ ಆ ಕಡೆಗೆ ಹೊರಳಿಸಿ, ಕೊನೆಗೆ ಮೆಲ್ಲನೆ ಅಂಗೈಗೆ ತೆಗೆದು ತಟ್ಟೆಯ ಅಂಚಿಗಿಟ್ಟರು. ಅದನ್ನು ನಾನು ನೋಡಲಿಲ್ಲ ಎಂಬಂತೆ ಸೆರಗಿನಿಂದ ಮುಚ್ಚಿದರು.

ಆಲೂಗಡ್ಡೆ ಕೆಟ್ಟದ್ದೇ? ಒಲೆ ಸರಿಯಿಲ್ಲವೇ? ಇವತ್ತು ತಂದದ್ದು ಸಂತೆಯ ಹೊಸ ಆಲೂಗಡ್ಡೆ, ಹೆಬ್ಬೆರಳಿನಿಂದ ಉಜ್ಜಿದರೆ ಸಿಪ್ಪೆ ಬಿಡುತ್ತಿತ್ತು.

ಬೀಜದ ಚೀಲ (ನಿವೃತ್ತ, ಧಾರವಾಡ)
ಬುಧವಾರ, ಬೆಳಿಗ್ಗೆ 7:00

ಅಕ್ಕನವರೇ, ನಿಮ್ಮ ಕೈಯ ತಪ್ಪಲ್ಲ. ಎರಡು ಕಾರಣಗಳು ಒಟ್ಟಿಗೆ ಬಂದಿವೆ.

ಮೊದಲನೆಯದು ಹುಳಿ. ಆಲೂಗಡ್ಡೆಯ ಕೋಶಗಳನ್ನು ಒಂದಕ್ಕೊಂದು ಬೆಸೆದಿರುವುದು ಪೆಕ್ಟಿನ್ ಎಂಬ ಅಂಟು. ಕಾವಿಗೆ ಅದು ಕರಗಿದಾಗ ನಾವು ಬೆಂದಿತು ಎನ್ನುತ್ತೇವೆ. ಹುಳಿಯಲ್ಲಿ ಅದು ಬೇಗ ಕರಗುವುದಿಲ್ಲ. ಟೊಮೆಟೊ, ಹುಣಸೆ, ಮಜ್ಜಿಗೆ ಯಾವುದಾದರೂ ಅಷ್ಟೇ. ಹುಳಿಗೆ ಬೇಳೆ, ತರಕಾರಿ ಬೆಂದ ಮೇಲೆ ಹುಣಸೆರಸ ಹಾಕು ಎಂದು ನಮ್ಮ ತಾಯಂದಿರು ಹೇಳುತ್ತಿದ್ದುದು ಇದಕ್ಕೇ. ಕೊಳವೆಬಾವಿಯ ಗಡಸು ನೀರಾದರೆ ಅದರಲ್ಲಿನ ಕ್ಯಾಲ್ಸಿಯಂ ಆ ಅಂಟನ್ನು ಇನ್ನಷ್ಟು ಬಿಗಿ ಮಾಡುತ್ತದೆ.

ಎರಡನೆಯದು ಆಲೂಗಡ್ಡೆಯ ವಯಸ್ಸು. ನಮ್ಮ ಜಿಲ್ಲೆಯಲ್ಲಿ ಆಲೂಗಡ್ಡೆ ಮಳೆಗಾಲದ ಬೆಳೆ. ಮುಂಗಾರಿನ ಮೊದಲ ಹದಕ್ಕೆ ಬಿತ್ತಿ ಶ್ರಾವಣ ಭಾದ್ರಪದದ ಹೊತ್ತಿಗೆ ಕೀಳುತ್ತಾರೆ. ಬೀಜದ ಗಡ್ಡೆ ಮಾತ್ರ ದೂರದ ಪಂಜಾಬಿನ ಜಲಂಧರದಿಂದ ಲಾರಿಯಲ್ಲಿ ಬರುತ್ತದೆ. ನಮ್ಮ ಕಡೆ ಹೆಚ್ಚಾಗಿ ಹಾಕುವ ಕುಫ್ರಿ ಜ್ಯೋತಿ ತಳಿ 1968ರಲ್ಲಿ ಬಿಡುಗಡೆಯಾದದ್ದು, ಅಂದಿನಿಂದ ಅದೇ ನಡೆದುಬಂದಿದೆ. ಈಗ ಸಂತೆಗೆ ಬರುವ ಎಳೆಯ ಗಡ್ಡೆಯಲ್ಲಿ ಪಿಷ್ಟ ಕಡಿಮೆ, ನೀರು ಹೆಚ್ಚು. ಬೆಂದರೂ ಮೇಣದಂತೆ ಗಟ್ಟಿಯಾಗಿ ನಿಲ್ಲುತ್ತದೆ. ಪಲ್ಯಕ್ಕೆ ಇದು ಚಿನ್ನ, ಅರೆದು ಮಾಡುವ ಸೂಪಿಗೆ ಬೇಡ. ಸೂಪಿಗೆ ಬೇಕಾದದ್ದು ಸಿಪ್ಪೆ ಒರಟಾದ, ಹಳೆಯ, ಹಿಟ್ಟುಗಡ್ಡೆ.

ಸಂಶಯವಿದ್ದರೆ ಪರೀಕ್ಷೆ ಮಾಡಿ. 11 ಬಟ್ಟಲು ನೀರಿಗೆ ಒಂದು ಬಟ್ಟಲು ಉಪ್ಪು ಕರಗಿಸಿ ಗಡ್ಡೆ ಬಿಡಿ. ಮುಳುಗಿದರೆ ಹಿಟ್ಟಿನದು, ತೇಲಿದರೆ ಮೇಣದಂಥದು. ಉಪ್ಪು ದಂಡವೆನ್ನಿಸಿದರೆ ಒಮ್ಮೆ ಮಾಡಿದ ನೀರನ್ನು ಬಾಟಲಿಯಲ್ಲಿಡಿ. ನಾನು ಹಾಗೇ ಇಟ್ಟಿದ್ದೇನೆ. ಮನೆಯವರು ಅದನ್ನು ನಾಲ್ಕು ಸಲ ಚೆಲ್ಲಿದ್ದಾರೆ.

ಶೀತಲಗೃಹದಿಂದ ಬಂದ ಗಡ್ಡೆ ಕೆಲವೊಮ್ಮೆ ಸಿಹಿಯಾಗಿರುತ್ತದೆ, ಕರಿದರೆ ಬೇಗ ಕಪ್ಪಾಗುತ್ತದೆ. ತಣ್ಣಗಿನ ಜಾಗದಲ್ಲಿ ಪಿಷ್ಟ ಸಕ್ಕರೆಯಾಗುವುದರಿಂದ ಹಾಗೆ. ಆದ್ದರಿಂದ ಮನೆಯಲ್ಲೂ ಫ್ರಿಜ್ಜಿನಲ್ಲಿಡಬೇಡಿ. ಕತ್ತಲಿನ, ಗಾಳಿಯಾಡುವ ಮೂಲೆಯಲ್ಲಿಡಿ. ಹಸಿರು ತಿರುಗಿದ ಗಡ್ಡೆಯನ್ನು ಮಾತ್ರ ಎಸೆದುಬಿಡಿ.

ಬೆಟಗೇರಿ ಅಜ್ಜಿ (ಗದಗ)
ಬುಧವಾರ, ಬೆಳಿಗ್ಗೆ 7:40

ಇಷ್ಟುದ್ದ ಬರೆಯುವ ಬದಲು ಹುಳಿ ಕೊನೆಗೆ ಹಾಕು ಎಂದಿದ್ದರೆ ಸಾಲದಿತ್ತೇ?

(ಮೊಮ್ಮಗಳ ಸೇರ್ಪಡೆ: ಅಜ್ಜಿ ಇದನ್ನು ಎರಡು ಸಲ ಓದಿಸಿಕೊಂಡಿದ್ದಾರೆ. ಈಗ ಉಪ್ಪುನೀರಿನಲ್ಲಿ ಬಟಾಟೆ ಬಿಟ್ಟು ನೋಡುತ್ತ ಕುಳಿತಿದ್ದಾರೆ.)

ಬಾಡಿಗೆ ಕೋಣೆ (ವಿದ್ಯಾನಗರ, ಹುಬ್ಬಳ್ಳಿ)
ಬುಧವಾರ, ರಾತ್ರಿ 9:15

ಅಪಮಾನವಾದದ್ದಕ್ಕೆ ನಾನೂ ದೊಡ್ಡ ಅಡುಗೆಗೇ ಕೈಹಾಕಿದೆ. ನ್ಯೋಕ್ಕಿ ಎಂಬ ಆಲೂಗಡ್ಡೆಯ ಕಡುಬು. ಮೊಬೈಲಿನಲ್ಲಿ ನೋಡಿ ಮಾಡಿದೆ. ಆಲೂಗಡ್ಡೆ ಹೆಚ್ಚಿ ಬೇಯಿಸಿ, ಮಿಕ್ಸಿಯಲ್ಲಿ ತಿರುಗಿಸಿ, ಮೈದಾ ಕಲಸಿ, ಉಂಡೆ ಕಟ್ಟಿ ಕುದಿಯುವ ನೀರಿಗೆ ಬಿಟ್ಟೆ. ಬಿಟ್ಟದ್ದು ಇಪ್ಪತ್ತು, ಸಿಕ್ಕಿದ್ದು ಮೂರು. ಉಳಿದವು ನೀರಿನಲ್ಲೇ ಐಕ್ಯವಾದವು. ಆ ನೀರಿಗೇ ಮೆಣಸಿನಪುಡಿ ಹಾಕಿ ಕುಡಿದೆ. ಕೋಣೆಯ ಜೊತೆಗಾರ ಗಂಜಿ ಚೆನ್ನಾಗಿದೆ ಎಂದ.

ಹಡಗಿನ ಬಾಣಸಿಗ (ಕೇಶ್ವಾಪುರ, ಹುಬ್ಬಳ್ಳಿ)
ಬುಧವಾರ, ರಾತ್ರಿ 9:50

ತಮ್ಮಾ, ಕೈಹಾಕಿದ್ದಕ್ಕೆ ಶಭಾಷ್. ತಪ್ಪು ಎರಡೇ. ಆಲೂಗಡ್ಡೆಯನ್ನು ಎಂದೂ ಮಿಕ್ಸಿಗೆ ಹಾಕಬಾರದು. ಅಲಗು ತಿರುಗಿದರೆ ಕೋಶಗಳು ಒಡೆದು ಪಿಷ್ಟವೆಲ್ಲ ಹೊರಬಂದು ಗೋಂದಾಗುತ್ತದೆ. ಸೂಪಾದರೂ ಅಷ್ಟೇ, ಕಡಗೋಲು ಅಥವಾ ಸೌಟು ಸಾಕು. ಇನ್ನೊಂದು, ಹೆಚ್ಚಿ ಬೇಯಿಸಿದರೆ ನೀರು ಕುಡಿಯುತ್ತದೆ. ಸಿಪ್ಪೆಸಹಿತ ಇಡಿಯಾಗಿ, ತಣ್ಣೀರಿನಲ್ಲಿಟ್ಟು ಬೇಯಿಸಿ. ಬಿಸಿಯಿದ್ದಾಗಲೇ ಸುಲಿದು ತುರಿಮಣೆಯಲ್ಲಿ ತುರಿದು, ಪರಾತದಲ್ಲಿ ಹರಡಿ ಹಬೆ ಹೋಗಲು ಬಿಡಿ. ಹಳೆಯ ಗಡ್ಡೆ 500 ಗ್ರಾಮಿಗೆ ಹಿಟ್ಟು 125ರಿಂದ 150 ಗ್ರಾಂ. ಕೈಯಿಂದ ಕೂಡಿಸಬೇಕು, ನಾದಬಾರದು. ಮೊದಲು ಒಂದನ್ನೇ ನೀರಿಗೆ ಬಿಟ್ಟು ನೋಡಿ. ಮೇಲೆ ತೇಲಿದರೆ ಆಯಿತು, ಒಡೆದರೆ ಒಂದು ಚಮಚ ಹಿಟ್ಟು ಸೇರಿಸಿ.

ಅಕ್ಕನವರ ಅತ್ತೆಯವರಿಗೂ ಇದು ಒಳ್ಳೆಯದು, ನಾಲಿಗೆ ಮತ್ತು ಅಂಗುಳಿನ ನಡುವೆಯೇ ಕರಗುತ್ತದೆ. ಆದರೆ ಕಚೇರಿಯಿಂದ ಬಂದ ರಾತ್ರಿ ಬೇಡ, ಭಾನುವಾರಕ್ಕಿರಲಿ.

ಕಡ್ಡಿಗಾಯಿ (ಬ್ಯಾಡಗಿ, ಹಾವೇರಿ)
ಗುರುವಾರ, ಮಧ್ಯಾಹ್ನ 1:30

ತಡವಾಗಿ ಬಂದೆ. ಮಗನಿಗೆ ಕೆಂಪು ಬೇಕು, ಅತ್ತೆಯವರಿಗೆ ಹುಳಿ ಖಾರ ಕಡಿಮೆ ಇರಬೇಕು, ಅಲ್ಲವೇ? ಇದಕ್ಕೆ ಟೊಮೆಟೊ ಯಾಕೆ? ನಮ್ಮ ಊರಿನ ಮೆಣಸಿನಕಾಯಿ ಇರುವುದೇ ಇಂಥ ಕೆಲಸಕ್ಕೆ. 2011ರಲ್ಲಿ ಭೌಗೋಳಿಕ ಸೂಚಕ ಸಿಕ್ಕಿದ್ದು ಅದರ ಖಾರಕ್ಕಲ್ಲ. ಬಣ್ಣ ಹೆಚ್ಚು, ಖಾರ ಕಡಿಮೆ, ಅದೇ ಅದರ ಗುಣ. ಬಣ್ಣದ ಎಣ್ಣೆ ತೆಗೆಯುವ ಕಾರ್ಖಾನೆಗಳು ಇದನ್ನು ಕೊಳ್ಳುವುದೂ ಅದಕ್ಕೇ.

ನಾಲ್ಕು ಬ್ಯಾಡಗಿ ಮೆಣಸಿನಕಾಯಿ, ಬೀಜ ಕೊಡವಿ, ಬಿಸಿನೀರಿನಲ್ಲಿ ಇಪ್ಪತ್ತು ನಿಮಿಷ ನೆನೆಸಿ. ಎರಡು ಎಸಳು ಬೆಳ್ಳುಳ್ಳಿಯ ಜೊತೆ ನುಣ್ಣಗೆ ಅರೆಯಿರಿ. ಬೆಣ್ಣೆಯಲ್ಲಿ ಸಣ್ಣ ಉರಿಗೆ ಬಾಡಿಸಿದರೆ ಎಣ್ಣೆಯಂಶ ಕೆಂಪಗೆ ಬೇರೆಯಾಗಿ ನಿಲ್ಲುತ್ತದೆ. ಅದನ್ನು ಆಲೂಗಡ್ಡೆ ಪಾಸ್ತಾದ ಮೇಲೆ ಚಮಚದಿಂದ ಸುತ್ತು ಬರೆಯಿರಿ. ಬಣ್ಣ ನೋಡಿ ಮಗ ಟೊಮೆಟೊ ಎಂದೇ ತಿಳಿಯುತ್ತಾನೆ. ಉರಿ ಜೋರಾದರೆ ಕಪ್ಪಾಗಿ ಕಹಿಯಾಗುತ್ತದೆ, ಅಷ್ಟು ಜಾಗ್ರತೆ.

ನಮ್ಮ ಮನೆಯಲ್ಲಿ ಮಡಿಕೆ ಕಾಳು ಬೇಯಿಸಿದ ನೀರಿಗೂ ಒಂದು ಹಿಡಿ ಪಾಸ್ತಾ ಹಾಕುತ್ತೇವೆ. ಕಾಳು ಅರ್ಧ ಅರೆದು, ಮೇಲೆ ಗುರೆಳ್ಳು ಪುಡಿ ಉದುರಿಸುತ್ತೇವೆ.

ಹಡಗಿನ ಬಾಣಸಿಗ (ಕೇಶ್ವಾಪುರ, ಹುಬ್ಬಳ್ಳಿ)
ಗುರುವಾರ, ಮಧ್ಯಾಹ್ನ 2:10

ಕಾಳು ಮತ್ತು ಪಾಸ್ತಾ ಕೂಡಿಸಿದ ಗಟ್ಟಿ ಸೂಪು ಇಟಲಿಯಲ್ಲೂ ಇದೆ, ‘ಪಾಸ್ತಾ ಎ ಫಜೋಲಿ’ ಎನ್ನುತ್ತಾರೆ. ಗುರೆಳ್ಳು ಮಾತ್ರ ಅವರಿಗೆ ಗೊತ್ತಿಲ್ಲ, ನಷ್ಟ ಅವರದು.

ಮಾಳಮಡ್ಡಿ ಸೊಸೆ (ಧಾರವಾಡ)
ಶುಕ್ರವಾರ, ರಾತ್ರಿ 9:55

ಎರಡು ದಿನದ ವರದಿ ಒಪ್ಪಿಸುತ್ತೇನೆ.

ನಿನ್ನೆ ಅಜ್ಜಿಯ ಮಾತು ಕೇಳಿ ಅಟ್ಟದ ಡಬ್ಬಿ ಇಳಿಸಿದೆ. ತವರಿನಿಂದ ಬಂದ ಗೌಲಿ ಅರ್ಧ ಡಬ್ಬಿ ಇತ್ತು. ನಮ್ಮ ತಾಯಿ, ಚಿಕ್ಕಮ್ಮ ಮಧ್ಯಾಹ್ನದ ಹೊತ್ತು ಮಾತಾಡುತ್ತ, ಹಿಟ್ಟಿನ ಎಳೆಯನ್ನು ಬೆರಳ ತುದಿಯಲ್ಲಿ ಒಂದೊಂದೇ ತಿರುವಿ ಮಾಡಿದ್ದು. ಜವೆಕಾಳಿನಷ್ಟೇ ಗಾತ್ರ, ಎರಡೂ ತುದಿ ಚೂಪು. ಆಲೂಗಡ್ಡೆ ಬೆಂದ ಮೇಲೆ ಪಾಸ್ತಾ ಬದಲು ಗೌಲಿ ಹಾಕಿ, ಮೇಲೆ ಬ್ಯಾಡಗಿಯ ಕೆಂಪು ಬೆಣ್ಣೆ ಬಿಟ್ಟೆ. ನೋಡಲು ಚಂದ. ಮಗನಿಗೆ ಫೋನ್ ಬಂದು ಊಟಕ್ಕೆ ಹತ್ತು ನಿಮಿಷ ತಡವಾಯಿತು. ಅಷ್ಟರಲ್ಲಿ ಗೌಲಿ ಸೂಪನ್ನೆಲ್ಲ ಹೀರಿ ಉಪ್ಪಿಟ್ಟಾಗಿತ್ತು. ಬಿಸಿನೀರು ಸುರಿದು ಸಡಿಲ ಮಾಡಿದೆ. ಅತ್ತೆಯವರು ಒಂದು ಚಮಚ ಬಾಯಿಗಿಟ್ಟು, ಹೋದ ತಿಂಗಳಿನಿಂದ ಮೊದಲ ಬಾರಿಗೆ ಊಟದ ಬಗ್ಗೆ ಬಾಯಿಬಿಟ್ಟರು. “ಪಾಯಸಕ್ಕೆ ಉಪ್ಪು ಹಾಕಿದ್ದೀಯಲ್ಲವ್ವಾ” ಎಂದರು. ತಟ್ಟೆ ನಾಲ್ಕು ಬೆರಳು ಮುಂದೆ ಹೋಯಿತು.

ಇವತ್ತು ಯಾರ ಮಾತನ್ನೂ ಪೂರ್ತಿ ಕೇಳಲಿಲ್ಲ. ಬೆಳಿಗ್ಗೆ ಹೋಗುವಾಗಲೇ ಕಡಲೆಬೇಳೆ ಬೇಯಿಸಿ ಕಟ್ಟು ಬಸಿದಿಟ್ಟಿದ್ದೆ. ಸಂಜೆ ಸಂತೆಯಲ್ಲಿ ಒರಟು ಸಿಪ್ಪೆಯ ಹಳೆಯ ಆಲೂಗಡ್ಡೆ ಕೇಳಿ ತಂದೆ. ಅಂಗಡಿಯವ ಹೊಸದಿರುವಾಗ ಹಳೆಯದು ಕೇಳುವ ಗಿರಾಕಿಯನ್ನು ಇವತ್ತೇ ನೋಡಿದೆ ಎಂದ. ಈರುಳ್ಳಿ, ಬೆಳ್ಳುಳ್ಳಿ ಬಾಡಿಸಿ, ಆಲೂಗಡ್ಡೆಯನ್ನು ನೀರಿನ ಬದಲು ಕಟ್ಟಿನಲ್ಲೇ ಬೇಯಿಸಿದೆ. ಹನ್ನೆರಡು ನಿಮಿಷಕ್ಕೆ ಅಂಚು ಕರಗಿತು. ಸೌಟಿನಿಂದ ಒತ್ತಿದರೆ ಬೆಣ್ಣೆ. ಈರುಳ್ಳಿ ತಪ್ಪಲು ಹೆಚ್ಚಿ ಹಾಕಿದೆ. ಪಾಸ್ತಾ ಬೇರೆ ಬಾಣಲೆಯಲ್ಲಿ, ಅರ್ಧ ಲೀಟರ್ ನೀರಿನಲ್ಲಿ. ಅಜ್ಜಿಯ ಮಸಾಲೆಯಲ್ಲಿ ಕೊಬ್ಬರಿ, ಜೀರಿಗೆ ಮಾತ್ರ ತೆಗೆದುಕೊಂಡೆ. ಹುಣಸೆರಸ ಎರಡು ಚಮಚ, ಅದೂ ಕಟ್ಟಕಡೆಗೆ. ಆಮೇಲೆ ಕೆಂಪು ಬೆಣ್ಣೆ.

ಮಗನಿಗೆ ಪಾಸ್ತಾದ ಮೇಲೆ ಅದನ್ನೇ ಗಟ್ಟಿಯಾಗಿ ಸುರಿದು ಚೀಸ್ ತುರಿದೆ. ಅತ್ತೆಯವರಿಗೆ ಬಟ್ಟಲಿನಲ್ಲಿ ತೆಳ್ಳಗೆ, ನಾಲ್ಕೇ ನಾಲ್ಕು ಪಾಸ್ತಾ ಚೂರು, ಚಮಚ ತುಪ್ಪ. ಪಾಸ್ತಾ ಬೆಂದ ನೀರನ್ನು ಎಸರಿಟ್ಟು ಒಂದೇ ಒಂದು ತೆಳ್ಳನೆಯ ರೊಟ್ಟಿ ಬಡಿದೆ. ಅಜ್ಜಿ ಹೇಳಿದ್ದು ನಿಜ, ಅಂಚು ಸೀಳಲಿಲ್ಲ. ಆ ರೊಟ್ಟಿಯನ್ನು ಬಿಸಿ ಇರುವಾಗಲೇ ಮುರಿದು ಅವರ ಬಟ್ಟಲಿಗೆ ಹಾಕಿದೆ. ಐದು ನಿಮಿಷಕ್ಕೆ ಅದು ನೆನೆದು ಸೂಪಿನೊಳಗೆ ಪದರು ಪದರಾಗಿ ಕುಳಿತಿತು. ಅತ್ತೆಯವರು ಚಮಚ ಬದಿಗಿಟ್ಟು ಕೈಯಲ್ಲೇ ಉಂಡರು. ಪಾಸ್ತಾ ಚೂರುಗಳನ್ನು ಮೊಮ್ಮಗನ ತಟ್ಟೆಗೆ ಹಾಕಿದರು. ಬಟ್ಟಲು ಖಾಲಿ.

ಬೆಟಗೇರಿ ಅಜ್ಜಿ (ಗದಗ)
ಶನಿವಾರ, ಬೆಳಿಗ್ಗೆ 6:05

ಗೌಲಿಯನ್ನು ಆಲೂಗಡ್ಡೆಯಲ್ಲಿ ಹಾಕು ಎಂದು ನಾನು ಯಾವಾಗ ಹೇಳಿದೆ? ಗೌಲಿ ಇದೆಯೇ ಎಂದು ಕೇಳಿದೆ, ಅಷ್ಟೇ. ಅದನ್ನು ತುಪ್ಪದಲ್ಲಿ ಹುರಿಯದೆ ಹಾಕಿದ್ದೀ, ಹೀರದೆ ಏನು ಮಾಡುತ್ತದೆ?

ರೊಟ್ಟಿ ಮುರಿದು ಹಾಕಿದ್ದು ಸರಿಯಾಯಿತು. ನಿನ್ನ ಅತ್ತೆಗೆ ನಾನು ಕೇಳಿದೆನೆಂದು ಹೇಳು.

ಬಾಡಿಗೆ ಕೋಣೆ (ವಿದ್ಯಾನಗರ, ಹುಬ್ಬಳ್ಳಿ)
ಶನಿವಾರ, ಬೆಳಿಗ್ಗೆ 9:30

ಅಕ್ಕನವರೇ, ಕಡಲೆಬೇಳೆಯ ಕಟ್ಟನ್ನು ಕುಕ್ಕರಿನಲ್ಲಿ ಮಾಡಬಹುದೇ? ಎಷ್ಟು ಸೀಟಿ?

ಮಾಳಮಡ್ಡಿ ಸೊಸೆ (ಧಾರವಾಡ)
ಶನಿವಾರ, ಬೆಳಿಗ್ಗೆ 10:15

ಬೇಳೆಯನ್ನು ಒಂದು ತಾಸು ನೆನೆಸಿ, ಮೂರು ಸೀಟಿ. ಬೇಳೆ ಬೆರಳಲ್ಲಿ ಹಿಸುಕಿದರೆ ಒಡೆಯಬೇಕು, ತಾನಾಗಿ ಕರಗಿರಬಾರದು. ಮುಚ್ಚಳ ತಾನಾಗಿ ಸಡಿಲವಾದ ಮೇಲೆಯೇ ತೆಗೆ. ಬಸಿದ ಬೇಳೆಯನ್ನು ಎಸೆಯಬೇಡ, ಬೆಲ್ಲ ಹಾಕಿ ಹೂರಣ ಮಾಡಿಕೋ. ಬಾರದಿದ್ದರೆ ಭಾನುವಾರ ಚಿಗರಿ ಹತ್ತಿ ಇಲ್ಲಿಗೇ ಬಾ, ನ್ಯೋಕ್ಕಿ ಉರುಳಿಸಲು ಮನೆಯಲ್ಲಿ ಕೈ ಸಾಲದು. ಬರುವಾಗ ಜನತಾ ಬಜಾರಿನಿಂದ ಒಂದು ಕಿಲೋ ಹಳೆಯ ಆಲೂಗಡ್ಡೆ ತಾ, ಇಲ್ಲಿ ಹುಡುಕಿದರಷ್ಟೇ ಹಳೆಯದು ಸಿಗುತ್ತದೆ.